ಉಳಿದ ಒಂದು ಬಳೆ

"ಈ ಸಲ ಚಿನ್ನ ಕೇಳ್ತಾರೇನೋ?"

2025ರ ಮೇ 7ರ ಸಂಜೆ ಅಮ್ಮ ಕೇಳಿದ ಪ್ರಶ್ನೆ ಇದು. ಅವತ್ತು ಬೆಳಗಿನ ಜಾವ ಆಪರೇಷನ್ ಸಿಂಧೂರ ಶುರುವಾಗಿತ್ತು. ಸಂಜೆ ಮಾಕ್ ಡ್ರಿಲ್, ಬೆಂಗಳೂರಿನಲ್ಲೂ ಸೈರನ್ ಊದುತ್ತಾರೆ ಅಂತ ಟಿವಿಯಲ್ಲಿ ಬಂದಿತ್ತು. ನಾವಿಬ್ಬರೂ ಬಾಲ್ಕನಿಯಲ್ಲಿ ಕಾದು ನಿಂತೆವು. ಏನೂ ಕೇಳಿಸಲಿಲ್ಲ. ಕೆಳಗೆ ಎಂದಿನ ಹಾರ್ನ್, ಎಂದಿನ ತರಕಾರಿ ಗಾಡಿ. ಆದರೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಬೇರೆಯೇ ಆಗಿಬಿಟ್ಟಿತ್ತು. ಹಿಂದಿನ ವಾರ ಟ್ಯಾಂಕರ್ ಬಿಲ್ಲಿಗಾಗಿ ಕಚ್ಚಾಡಿದವರು ಒಂದೇ ರಾತ್ರಿಗೆ ಅಣ್ಣತಮ್ಮಂದಿರಾಗಿದ್ದರು. ಎಲ್ಲರ ಚಿತ್ರದ ಜಾಗದಲ್ಲೂ ಧ್ವಜ. ಯೋಧರ ನಿಧಿಗೆ ಹಣ ಎತ್ತೋಣ ಅಂತ ಒಬ್ಬರು ಹೇಳಿದರು. ಮೂರನೇ ಮಹಡಿಯವರೊಬ್ಬರು, "ಏನಾಯ್ತು ಅಂತ ಪೂರ್ತಿ ಗೊತ್ತಾಗಲಿ, ಸ್ವಲ್ಪ ತಾಳಿ" ಅಂತ ಬರೆದರು. ಐದು ನಿಮಿಷದಲ್ಲಿ ಅದನ್ನು ಅಳಿಸಿಬಿಟ್ಟರು. ಯಾರೂ ಅವರನ್ನು ಬೈದಿರಲಿಲ್ಲ. ಬೈಯುವ ಮೊದಲೇ ಅಳಿಸಿದ್ದರು.

ಆ ಅಳಿಸಿದ ಸಾಲು ಮತ್ತು ಅಮ್ಮನ ಪ್ರಶ್ನೆ, ಎರಡೂ ನನ್ನನ್ನು ಬಿಡಲಿಲ್ಲ. ನಾಲ್ಕು ದಿನದಲ್ಲಿ ಗುಂಡಿನ ಸದ್ದು ನಿಂತಿತು. ಗುಂಪಿನಲ್ಲಿ ಮತ್ತೆ ಟ್ಯಾಂಕರ್ ಜಗಳ ಶುರುವಾಯಿತು. ನಾನು ಮಾತ್ರ ಅಮ್ಮನ ಹಿಂದೆ ಬಿದ್ದೆ. ಯಾವ ಚಿನ್ನ, ಯಾರು ಕೇಳಿದ್ದು, ಯಾವಾಗ?

ಚೀನಾ ಯುದ್ಧ ನಡೆದ 1962ರಲ್ಲಿ ಅಮ್ಮ ಹನ್ನೊಂದು ವರ್ಷದ ಹುಡುಗಿ. ಅರಸೀಕೆರೆಯಲ್ಲಿ ಓದುತ್ತಿದ್ದಳು. ತಾತ ಅಲ್ಲಿ ಮೇಷ್ಟ್ರು. "ಅಜ್ಜಿ ದೇಶಕ್ಕೆ ಬಂಗಾರದ ಬಳೆ ಕೊಟ್ಟಳು" ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಮದುವೆ ಮುಂಜಿಯಲ್ಲಿ ಒಂದಲ್ಲ ಒಂದು ಸಲ ಬರುತ್ತದೆ. ಅದನ್ನು ಅಷ್ಟಕ್ಕೇ ನಿಲ್ಲಿಸುತ್ತಾರೆ ಅನ್ನುವುದು ನನಗೆ ಈಗ ಗೊತ್ತಾಯಿತು.

ಹರಿವಾಣ, ತಕ್ಕಡಿ, ಸೋಪು

ಅಕ್ಟೋಬರ್ 20ಕ್ಕೆ ಚೀನಾ ಸೇನೆ ಈಗಿನ ಅರುಣಾಚಲದ ನಾಮ್‌ಕಾ ಚು ಹೊಳೆಯ ಹತ್ತಿರವೂ ಲಡಾಖಿನಲ್ಲೂ ಒಟ್ಟಿಗೇ ನುಗ್ಗಿತು. 22ಕ್ಕೆ ನೆಹರೂ ರೇಡಿಯೋದಲ್ಲಿ ಮಾತಾಡಿದರು. ಅದೇ ದಿನ ಅತ್ತ ಕ್ಯೂಬಾ ವಿಷಯಕ್ಕೆ ಅಮೆರಿಕದ ಅಧ್ಯಕ್ಷ ಕೆನಡಿ ಮಾತಾಡುತ್ತಿದ್ದರು, ಹಾಗಾಗಿ ಜಗತ್ತಿನ ಕಣ್ಣು ನಮ್ಮ ಕಡೆ ಇರಲಿಲ್ಲ. 26ಕ್ಕೆ ರಾಷ್ಟ್ರಪತಿ ರಾಧಾಕೃಷ್ಣನ್ ತುರ್ತು ಪರಿಸ್ಥಿತಿ ಘೋಷಿಸಿದರು. ಸ್ವತಂತ್ರ ಭಾರತದ ಮೊದಲ ತುರ್ತು ಪರಿಸ್ಥಿತಿ ಅದು. ನಮಗೆಲ್ಲ ಆ ಪದ ಕೇಳಿದರೆ 1975 ನೆನಪಾಗುತ್ತದೆ, ಅಲ್ವಾ? ಇದು ಎಲ್ಲರೂ ಒಪ್ಪಿಕೊಂಡ ತುರ್ತು ಪರಿಸ್ಥಿತಿ. ಅದಕ್ಕೇ ಮರೆತುಹೋಗಿದೆ. ತಮಾಷೆ ಅಂದರೆ ಯುದ್ಧವನ್ನು ಮಾತ್ರ ಎರಡೂ ಕಡೆಯವರು ಘೋಷಿಸಲೇ ಇಲ್ಲ.

ಮಾರನೇ ದಿನವೇ ದೀಪಾವಳಿ ಶುರು. ಆ ವರ್ಷ ಪಟಾಕಿ ಬೇಡ ಅಂತ ತಾತ ಹೇಳಿದ್ದರಂತೆ. ಪಟಾಕಿ ದುಡ್ಡು ಶಾಲೆಯ ಹುಂಡಿಗೆ ಹೋಯಿತು. ಅಮ್ಮ ತನ್ನ ನಾಲ್ಕಾಣೆ ಹಾಕಿದಳು. ಆಗ ನಯಾ ಪೈಸೆ ಬಂದು ಐದು ವರ್ಷವಾಗಿದ್ದರೂ ಮನೆಯಲ್ಲಿ ನಾಲ್ಕಾಣೆಯೇ. ತಾತ ಒಂದು ದಿನದ ಸಂಬಳ ಬರೆದುಕೊಟ್ಟರು. ಎಲ್ಲ ಮೇಷ್ಟ್ರುಗಳೂ ಬರೆದುಕೊಟ್ಟರು, ಕೊಡದೇ ಇರುವ ಪ್ರಶ್ನೆ ಇರಲಿಲ್ಲ. ಹುಡುಗಿಯರಿಗೆ ಉಲ್ಲನ್ ಉಂಡೆ ಕೊಟ್ಟು ಮಫ್ಲರ್ ಹೆಣೆಯಲು ಹೇಳಿದರು. ಅಮ್ಮ ಹೆಣೆದಿದ್ದು ಒಂದು ಗೇಣು. ಅದು ಯಾವ ಯೋಧನ ಕುತ್ತಿಗೆಗೂ ಸಾಲುತ್ತಿರಲಿಲ್ಲ. ಕಿಟಕಿಗೆ ಕಂದು ಕಾಗದ ಅಂಟಿಸಿದ್ದೂ ಆಗಲೇ ಅಂತ ಅವಳು ಹಟ ಹಿಡಿದು ಹೇಳುತ್ತಾಳೆ. ಅದು 71ರ ಪಾಕಿಸ್ತಾನ ಯುದ್ಧದ್ದಿರಬೇಕು. ಅವಳು ಎರಡನ್ನೂ ಕಲಸುತ್ತಾಳೆ.

ನವೆಂಬರ್ ಮೂರನೇ ವಾರ ತಾಲ್ಲೂಕು ಕಚೇರಿ ಮುಂದೆ ಸಭೆ. ಮೇಜಿನ ಮೇಲೆ ಖಾದಿ ಬಟ್ಟೆ, ಬಟ್ಟೆಯ ಮೇಲೆ ಹಿತ್ತಾಳೆ ಹರಿವಾಣ. ಒಂದು ಪಕ್ಕ ಗುಮಾಸ್ತರು ರಸೀದಿ ಪುಸ್ತಕ ಹಿಡಿದು ಕೂತಿದ್ದರು. ಇನ್ನೊಂದು ಪಕ್ಕ ನಮ್ಮ ಬೀದಿಯ ಆಚಾರ್ರು. ಅವರ ಮುಂದೆ ಚಿನ್ನದ ತಕ್ಕಡಿ, ಗುಲಗಂಜಿ, ಒರೆಗಲ್ಲು. ಬಂದ ಒಡವೆ ತೂಗಿ, ಒರೆ ಹಚ್ಚಿ, ಇಷ್ಟು ತೊಲ ಅಂತ ಹೇಳುವುದು ಅವರ ಕೆಲಸ. ಅದಕ್ಕೆ ಕೂಲಿ ಇಲ್ಲ, ಅದು ಅವರ ದೇಶಸೇವೆ. ಭಾಷಣ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದರು. ಉಂಗುರ ಬಂತು. ಮೂಗುಬೊಟ್ಟು ಬಂತು. ಒಬ್ಬ ಹೆಂಗಸು ತಾಳಿಯನ್ನೇ ಬಿಚ್ಚಲು ಹೋದಾಗ ಜನ ಗಲಾಟೆ ಮಾಡಿ ತಡೆದರು. ಅಜ್ಜಿ ಎದ್ದು ಹೋಗಿ ಎಡಗೈ ಬಳೆ ತೆಗೆದು ಹರಿವಾಣಕ್ಕೆ ಹಾಕಿದಳು. ಚಪ್ಪಾಳೆ. ಆಮೇಲೆ ಬಲಗೈಯದನ್ನು ಎಳೆದಳು. ಬರಲಿಲ್ಲ. ಯಾರೋ ಓಡಿಹೋಗಿ ಸೋಪು ನೀರು ತಂದರು. ಆಗಲೂ ಬರಲಿಲ್ಲ. "ಕೈ ಊದಿದೆ" ಅಂದಳು ಅಜ್ಜಿ. "ಇರಲಿ ಬಿಡಿ ತಾಯಿ, ಒಂದೇ ಸಾಕು" ಅಂದವರು ಆಚಾರ್ರು. ತೂಗಿ, "ಒಂದು ತೊಲದ ಮೇಲೆ ಮೂರು ಗುಲಗಂಜಿ" ಅಂತ ಕೂಗಿ ಹೇಳಿದರು. ಕೊನೆಗೆ ಎಲ್ಲರದ್ದೂ ಆದಮೇಲೆ ತಮ್ಮ ಬೆರಳಿನ ಉಂಗುರ ತೆಗೆದು ತಾವೇ ತೂಗಿ ಹಾಕಿದರು. ಅದಕ್ಕೆ ಚಪ್ಪಾಳೆ ಆಗಲಿಲ್ಲ, ಅಷ್ಟೊತ್ತಿಗೆ ಜನ ಎದ್ದಿದ್ದರು.

ಈಗ ಅದೇ ವಾರ ಅಸ್ಸಾಮಿನ ತೇಜ್‌ಪುರದಲ್ಲಿ ಏನಾಗುತ್ತಿತ್ತು ನೋಡಿ. ಅದರ ಉತ್ತರಕ್ಕಿರುವ ಬೊಮ್ಡಿಲಾ ಚೀನಾ ಕೈಗೆ ಬಿದ್ದಿತ್ತು. ನವೆಂಬರ್ 19ರ ರಾತ್ರಿ ನೆಹರೂ ರೇಡಿಯೋದಲ್ಲಿ ಅಸ್ಸಾಮಿನ ಜನರಿಗಾಗಿ ಮನಸ್ಸು ಮರುಗುತ್ತದೆ ಅನ್ನುವ ಅರ್ಥದ ಮಾತಾಡಿದರು. ನಮ್ಮನ್ನು ಕೈಬಿಟ್ಟರು ಅಂತ ಅಲ್ಲಿನ ಜನ ತಿಳಿದರು. ಆ ಮಾತನ್ನು ಅಲ್ಲಿ ಇವತ್ತಿಗೂ ನೆನೆಯುತ್ತಾರೆ. ಅಧಿಕಾರಿಗಳು ಊರು ಬಿಟ್ಟರು. ಜನ ದೋಣಿ ಹತ್ತಿ ಬ್ರಹ್ಮಪುತ್ರ ದಾಟಿದರು. ಹುಚ್ಚಾಸ್ಪತ್ರೆಯ ಬಾಗಿಲು ತೆರೆದು ರೋಗಿಗಳನ್ನು ಬಿಟ್ಟರು. ಶತ್ರುವಿನ ಕೈಗೆ ಸಿಗಬಾರದು ಅಂತ ಬ್ಯಾಂಕಿನ ನೋಟುಗಳನ್ನು ಸುಟ್ಟರು, ನಾಣ್ಯಗಳನ್ನು ಕೊಳಕ್ಕೆ ಸುರಿದರು. ಒಂದು ಊರಲ್ಲಿ ಮಕ್ಕಳ ನಾಲ್ಕಾಣೆಗೆ ರಸೀದಿ ಬರೆಯುತ್ತಿದ್ದಾರೆ. ಇನ್ನೊಂದು ಊರಲ್ಲಿ ನೋಟಿನ ಕಂತೆಗೆ ಬೆಂಕಿ ಇಡುತ್ತಿದ್ದಾರೆ. ಎರಡೂ ಒಂದೇ ದೇಶ, ಒಂದೇ ವಾರ. ಯುದ್ಧ ಶುರುವಾದಾಗ ಗಡಿಯಿಂದ ದೂರ ಇರುವವರ ಉತ್ಸಾಹವೇ ಜಾಸ್ತಿ ಇರುತ್ತದೆ ಅಂತ ನನಗನ್ನಿಸುವುದು ಇದಕ್ಕೇ. ಅದು ಸುಳ್ಳು ಉತ್ಸಾಹ ಅಂತ ಹೇಳುತ್ತಿಲ್ಲ. ಅಜ್ಜಿಯ ಬಳೆ ನಿಜ, ತೂಕವೂ ನಿಜ. ದೂರದಿಂದ ಕೊಡುವವರಿಗೆ ಯುದ್ಧ ಒಂದು ಹಬ್ಬದ ಹಾಗೆ ಕಾಣುತ್ತದೆ, ಅಷ್ಟೇ.

ನವೆಂಬರ್ 21ಕ್ಕೆ ಚೀನಾ ತಾನೇ ಕದನವಿರಾಮ ಅಂತ ಹೇಳಿತು. ಒಂದು ತಿಂಗಳು, ಒಂದು ದಿನ. ಮುಗಿಯಿತು.

ದೆಹಲಿಯಲ್ಲಿ 165 ಜನ ಮಾತಾಡಿದರು

ಆ ತಿಂಗಳ ರಾಜಕೀಯದಲ್ಲಿ ನನಗೆ ಇಷ್ಟವಾಗುವ ಒಂದು ವಿಷಯ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಸಂಸತ್ತು ಸೇರಿತು. ಯುದ್ಧ ನಡೆಯುತ್ತಿರುವಾಗಲೇ ಸೇರಿತು. ಅಧಿವೇಶನವನ್ನು ಬೇಗ ಕರೆಯಿರಿ ಅಂತ ಒತ್ತಾಯಿಸಿದವರಲ್ಲಿ ಆಗ ರಾಜ್ಯಸಭೆಯಲ್ಲಿದ್ದ ಯುವಕ ವಾಜಪೇಯಿ ಕೂಡ ಇದ್ದರು. ನೆಹರೂ ಒಪ್ಪಿದರು, ನವೆಂಬರ್ 8ಕ್ಕೆ ಶುರುವಾಯಿತು. ಚರ್ಚೆ ಗುಟ್ಟಾಗಿ ನಡೆಯಲಿ ಅಂತ ಸದಸ್ಯ ಎಲ್. ಎಂ. ಸಿಂಘ್ವಿ ಹೇಳಿದ್ದನ್ನು ನೆಹರೂ ಒಪ್ಪಲಿಲ್ಲ. ಲೋಕಸಭೆಯಲ್ಲಿ 165 ಜನ ಮಾತಾಡಿದರು. ಸೋಲುತ್ತಿರುವ ಪ್ರಧಾನಿ ಕೂತು ಕೇಳಿದರು. 2025ರಲ್ಲಿ ಅದೇ ಬೇಡಿಕೆಗೆ ಚರ್ಚೆ ನಡೆದಿದ್ದು ಜುಲೈ ಕೊನೆಯಲ್ಲಿ, ಎಲ್ಲ ತಣ್ಣಗಾದ ಮೇಲೆ. ಹೋಲಿಸಬಾರದು ಅಂತ ಕೆಲವರು ಹೇಳುತ್ತಾರೆ. ಹೋಲಿಸದೇ ಇರುವುದು ಹೇಗೆ ಅಂತ ನನಗೆ ಗೊತ್ತಾಗುವುದಿಲ್ಲ.

ಸಂಸತ್ತಿಗಿಂತ ಬಿಸಿ ಇದ್ದಿದ್ದು ಕಾಂಗ್ರೆಸ್ ಪಕ್ಷದ ಒಳಗೆ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಬೇಡವೇ ಬೇಡ ಅಂತ ಸಂಸದರು ಪಟ್ಟು ಹಿಡಿದರು. ಆ ವರ್ಷ ಫೆಬ್ರವರಿಯಲ್ಲಷ್ಟೇ ಇದೇ ಮೆನನ್ ಉತ್ತರ ಮುಂಬೈಯಲ್ಲಿ ಆಚಾರ್ಯ ಕೃಪಲಾನಿಯವರನ್ನು ಭಾರೀ ಅಂತರದಲ್ಲಿ ಸೋಲಿಸಿದ್ದರು. ಅದಕ್ಕೂ ಎರಡು ತಿಂಗಳ ಹಿಂದೆ ಗೋವಾ ಗೆದ್ದ ಮಂತ್ರಿ ಅನ್ನಿಸಿಕೊಂಡಿದ್ದರು. ಅಕ್ಟೋಬರ್ 31ಕ್ಕೆ ನೆಹರೂ ರಕ್ಷಣಾ ಖಾತೆಯನ್ನು ತಾವೇ ಇಟ್ಟುಕೊಂಡು ಮೆನನ್‌ಗೆ ರಕ್ಷಣಾ ಉತ್ಪಾದನೆ ಕೊಟ್ಟರು. ಈ ಅರ್ಧಂಬರ್ಧ ಏರ್ಪಾಟು ಯಾರಿಗೂ ಸಾಕಾಗಲಿಲ್ಲ. ನವೆಂಬರ್ 7ಕ್ಕೆ ಮೆನನ್ ಪೂರ್ತಿ ಹೋದರು. ಆಮೇಲೆ ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣರನ್ನು ದೆಹಲಿಗೆ ಕರೆಸಿದರು. ಹಿಮಾಲಯದ ನೆರವಿಗೆ ಸಹ್ಯಾದ್ರಿ ಓಡಿತು ಅಂತ ಮರಾಠಿಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ನಮ್ಮ ಕಡೆಯವರಿಗೆ ಹೇಳಿಕೊಳ್ಳಲು ಇದ್ದಿದ್ದು ಹೆಮ್ಮೆ ಅಲ್ಲ, ಸಂಕಟ. ಆಗ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯ 1959ರ ಆಗಸ್ಟ್ ಕೊನೆಯಲ್ಲಿ ಮೆನನ್ ಜೊತೆ ಏಗಲಾಗದೆ ರಾಜೀನಾಮೆ ಬರೆದುಕೊಟ್ಟಿದ್ದರು. ನೆಹರೂ ಹೇಳಿ ಹಿಂದಕ್ಕೆ ತೆಗೆಸಿದರು, ಆಮೇಲೆ ಸಂಸತ್ತಿನಲ್ಲಿ ಅವರನ್ನೇ ಹಗುರವಾಗಿ ಮಾತಾಡಿದರು. ತಿಮ್ಮಯ್ಯ 1961ರಲ್ಲಿ ನಿವೃತ್ತರಾದರು. 1962ರ ನವೆಂಬರ್‌ನಲ್ಲಿ ಅವರ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂತು. ತಾತನ ಶಾಲೆಯ ಸ್ಟಾಫ್ ರೂಮಿನಲ್ಲಿ, "ತಿಮ್ಮಯ್ಯ ಇದ್ದಿದ್ರೆ ಹೀಗಾಗ್ತಿತ್ತಾ" ಅನ್ನುವುದು ದಿನದ ಮಾತಾಗಿತ್ತಂತೆ. ಮೂರು ವರ್ಷದ ಹಿಂದೆ ರಾಜೀನಾಮೆ ಕೊಟ್ಟಾಗ ಇದೇ ಸ್ಟಾಫ್ ರೂಮು ಏನು ಹೇಳಿತ್ತು ಅಂತ ಅಮ್ಮನಿಗೆ ಗೊತ್ತಿಲ್ಲ. ನನಗೊಂದು ಊಹೆ ಇದೆ. ಮಂತ್ರಿಯ ಮಾತು ಮೀರುವುದಕ್ಕೆ ಇವರ್ಯಾರು ಅಂತ ಅಂದಿರುತ್ತಾರೆ.

ಯುದ್ಧದ ಮೊದಲ ವಾರಗಳಲ್ಲಿ ರಾಜಕೀಯ ನಿಲ್ಲುತ್ತದೆ ಅಂತ ನಾವು ನಂಬುತ್ತೇವೆ. ನಿಲ್ಲುವುದಿಲ್ಲ, ಜೋರಾಗಿ ಓಡುತ್ತದೆ. ಡಿಎಂಕೆಯ ಅಣ್ಣಾದುರೈ ಪ್ರತ್ಯೇಕ ದ್ರಾವಿಡ ನಾಡಿನ ಬೇಡಿಕೆಯನ್ನೇ ಬದಿಗಿಟ್ಟು ಸರ್ಕಾರದ ಬೆನ್ನಿಗೆ ನಿಂತರು. ಮಾರನೇ ವರ್ಷ ಬಂದ ಸಂವಿಧಾನದ 16ನೇ ತಿದ್ದುಪಡಿ ಅಂಥ ಬೇಡಿಕೆಗೆ ಜಾಗವನ್ನೇ ಉಳಿಸಲಿಲ್ಲ, ಅಂದರೆ ಅವರ ಲೆಕ್ಕ ಸರಿ ಇತ್ತು. ಕಮ್ಯುನಿಸ್ಟ್ ಪಕ್ಷ ಚೀನಾವನ್ನು ಖಂಡಿಸಬೇಕೋ ಬೇಡವೋ ಅಂತ ಒಳಗೇ ಸೀಳಿತು. ನವೆಂಬರ್ 1ರ ಸುಮಾರಿಗೆ ಖಂಡಿಸುವ ನಿರ್ಣಯ ಆಯಿತು. ಆದರೂ ನೂರಾರು ಕಮ್ಯುನಿಸ್ಟರು ಜೈಲು ಸೇರಿದರು. ಎರಡು ವರ್ಷದಲ್ಲಿ ಪಕ್ಷವೇ ಎರಡಾಯಿತು. ನವೆಂಬರ್ 14ಕ್ಕೆ, ನೆಹರೂ ಹುಟ್ಟುಹಬ್ಬದ ದಿನ, ಚೀನಾವನ್ನು ಪವಿತ್ರ ನೆಲದಿಂದ ಓಡಿಸುವ ತನಕ ವಿರಮಿಸುವುದಿಲ್ಲ ಅಂತ ಲೋಕಸಭೆ ಒಂದೇ ದನಿಯಲ್ಲಿ ನಿರ್ಣಯ ಮಾಡಿತು. ಆ ನಿರ್ಣಯ ಇನ್ನೂ ಹಾಗೇ ಇದೆ.

ಒಗ್ಗಟ್ಟಿನ ಹೊರಗೆ ಉಳಿದವರು

ಚೀನಾ ಮೂಲದ ಸುಮಾರು 3,000 ಜನರನ್ನು ಅಸ್ಸಾಂ, ಬಂಗಾಳದ ಕಡೆಯಿಂದ ಹಿಡಿದು ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿದರು. ಮಾಕುಮ್ ಅನ್ನುವ ಊರಿನ ಚೀನಿ ಬೀದಿಯೇ ಖಾಲಿಯಾಯಿತು. ಅವರ ಅಜ್ಜ ಮುತ್ತಜ್ಜಂದಿರು ಬ್ರಿಟಿಷರ ಕಾಲದಲ್ಲಿ ಚಹಾ ತೋಟಕ್ಕೆ ಬಂದವರು. ಎಷ್ಟೋ ಮಕ್ಕಳಿಗೆ ಅಸ್ಸಾಮಿ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಒಂದು ವಾರದ ರೈಲು ಪ್ರಯಾಣ, ಕೊನೆಗೆ ಮುಳ್ಳುತಂತಿ. ಎರಡನೇ ಮಹಾಯುದ್ಧದ ಕೈದಿಗಳನ್ನು ಇಟ್ಟಿದ್ದ ಜಾಗ ಅದು. ಯುದ್ಧ ಒಂದು ತಿಂಗಳಿಗೆ ಮುಗಿದರೂ ಕೊನೆಯವರು ಅಲ್ಲಿಂದ ಹೊರಬಂದಿದ್ದು 1967ರಲ್ಲಿ. ಹೊರಬಂದವರಿಗೆ ಮನೆ, ಅಂಗಡಿ ಯಾವುದೂ ಉಳಿದಿರಲಿಲ್ಲ. ಹರಾಜಾಗಿದ್ದವು.

ಇದನ್ನು ಅಮ್ಮನಿಗೆ ಹೇಳಿದೆ. "ನಮಗೆ ಗೊತ್ತೇ ಇರ್ಲಿಲ್ಲ" ಅಂದಳು. ನಿಜ, ಗೊತ್ತಿರಲಿಲ್ಲ. ಪೇಪರಿನಲ್ಲಿ ಒಂದು ಮೂಲೆಯಲ್ಲಿ ಬಂದಿದ್ದರೂ ಯಾರೂ ಓದುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಇನ್ನೊಂದು ನೆನಪು ತೆಗೆದಳು. ಅವರ ಊರಿಗೆ ಸೈಕಲ್ ಮೇಲೆ ಬಟ್ಟೆಗಂಟು ಇಟ್ಟುಕೊಂಡು ಬರುತ್ತಿದ್ದ ಒಬ್ಬ ಚೀನಿ ವ್ಯಾಪಾರಿ ಇದ್ದನಂತೆ. ಮಕ್ಕಳೆಲ್ಲ ಅವನ ಹಿಂದೆ ಓಡುತ್ತಿದ್ದರು. ಆ ವರ್ಷದಿಂದ ಅವನು ಬರಲಿಲ್ಲ. ಎಲ್ಲಿ ಹೋದ ಅಂತ ಯಾರೂ ಕೇಳಲಿಲ್ಲ. "ಕೇಳಬಾರದು ಅಂತೇನಿರ್ಲಿಲ್ಲ. ಹೊಳೀಲಿಲ್ಲ" ಅಂದಳು.

ಇದೆಲ್ಲ ಸಾಧ್ಯವಾಗಿದ್ದು ಭಾರತ ರಕ್ಷಣಾ ನಿಯಮಗಳು ಮತ್ತು ಅವುಗಳ ಜೊತೆ ಬಂದ ಆದೇಶಗಳಿಂದ. ತುರ್ತು ಪರಿಸ್ಥಿತಿಯ ಜೊತೆಗೇ ಹೊರಟ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ವಿಚಾರಣೆ ಇಲ್ಲದೆ ಹಿಡಿದಿಡಬಹುದು. ವ್ಯಾಪಾರ, ಉದ್ಯೋಗ, ಸರಕು ಯಾವುದನ್ನು ಬೇಕಾದರೂ ಒಂದು ನಿಯಮ ಸೇರಿಸಿ ಹತೋಟಿಗೆ ತರಬಹುದು. ಯುದ್ಧ ನಿಂತ ಮೇಲೂ ಈ ಅಧಿಕಾರ ನಿಲ್ಲಲಿಲ್ಲ. ತುರ್ತು ಪರಿಸ್ಥಿತಿ ಮುಗಿದಿದ್ದು 1968ರ ಜನವರಿ 10ಕ್ಕೆ. ಒಂದು ತಿಂಗಳ ಯುದ್ಧ, ಐದು ವರ್ಷ ಮೀರಿದ ತುರ್ತು. ಕೊಡುವಾಗ ಜನ ಒಂದು ತಿಂಗಳಿಗೆ ಅಂತ ಕೊಟ್ಟಿದ್ದರು.

ಹದಿನಾಲ್ಕು ಕ್ಯಾರೆಟ್

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಚಿನ್ನ.

ಆಗ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ. ದಾನದ ಹರಿವಾಣ ಒಂದು ಕಡೆ. ಇನ್ನೊಂದು ಕಡೆ ನವೆಂಬರ್‌ನಲ್ಲೇ ಚಿನ್ನದ ಬಾಂಡ್ ಬಂತು. ಚಿನ್ನ ಕೊಡಿ, 15 ವರ್ಷಕ್ಕೆ ಬಾಂಡ್ ತಗೊಳ್ಳಿ, ಆರೂವರೆ ಪರ್ಸೆಂಟ್ ಬಡ್ಡಿ. ಆದರೆ ಚಿನ್ನಕ್ಕೆ ಹಾಕಿದ ಬೆಲೆ ತೊಲಕ್ಕೆ 62 ರೂಪಾಯಿ 50 ಪೈಸೆ, ಅಂದರೆ ಪೇಟೆ ಬೆಲೆಯ ಹೆಚ್ಚುಕಡಿಮೆ ಅರ್ಧ. ಚಿನ್ನ ಎಲ್ಲಿಂದ ಬಂತು ಅಂತ ಕೇಳುವುದಿಲ್ಲ ಅನ್ನುವ ಆಸೆಯನ್ನೂ ತೋರಿಸಿದರು. ಜನ ದಾನ ಕೊಟ್ಟಷ್ಟು ಉತ್ಸಾಹದಿಂದ ಬಾಂಡ್ ತಗೊಳ್ಳಲಿಲ್ಲ. ಇದು ನನಗೆ ಅರ್ಥವಾಗುತ್ತದೆ. ಕೊಡುವುದು ಬೇರೆ, ಅರ್ಧ ಬೆಲೆಗೆ ಮಾರುವುದು ಬೇರೆ. ಕೊಟ್ಟರೆ ಪುಣ್ಯ, ಮಾರಿದರೆ ಪೆದ್ದುತನ. ಅದೇ ಡಿಸೆಂಬರ್‌ನಲ್ಲಿ ನಮ್ಮ ಕೋಲಾರದ ಗಣಿಗಳೂ ಮೈಸೂರು ರಾಜ್ಯದ ಕೈಯಿಂದ ಕೇಂದ್ರದ ಹಣಕಾಸು ಇಲಾಖೆಗೆ ಹೋದವು. ಚಿನ್ನ ಎಲ್ಲಿದ್ದರೂ ದೆಹಲಿಯ ಕಣ್ಣು ಅದರ ಮೇಲೆ.

ಆಮೇಲೆ 1963ರ ಜನವರಿ 10. ಭಾರತ ರಕ್ಷಣಾ ನಿಯಮಗಳಿಗೆ ಒಂದು ಹೊಸ ಭಾಗ ಸೇರಿತು, ಚಿನ್ನ ನಿಯಂತ್ರಣ. ಒಡವೆ ಅಲ್ಲದ ಚಿನ್ನ ಇದ್ದವರು ಲೆಕ್ಕ ಒಪ್ಪಿಸಬೇಕು. ಇನ್ನು ಮುಂದೆ 14 ಕ್ಯಾರೆಟ್‌ಗಿಂತ ಜಾಸ್ತಿ ಶುದ್ಧ ಚಿನ್ನದಲ್ಲಿ ಒಡವೆ ಮಾಡುವಂತಿಲ್ಲ. ಹಳೆಯದನ್ನು ಕರಗಿಸಿ ಹೊಸದು ಮಾಡುವಾಗಲೂ ಅಷ್ಟೇ. ಮೊರಾರ್ಜಿಯವರ ಕಡೆಯಿಂದಲೂ ನೋಡಬೇಕು. ಕಳ್ಳಸಾಗಣೆಯಲ್ಲಿ ಬರುತ್ತಿದ್ದ ಚಿನ್ನಕ್ಕೆ ವಿದೇಶಿ ವಿನಿಮಯ ಸೋರಿಹೋಗುತ್ತಿತ್ತು. ಬಂದೂಕು ಕೊಳ್ಳಲು ಅದೇ ಹಣ ಬೇಕಿತ್ತು. ಚಿನ್ನದ ಹುಚ್ಚು ಬಿಡಿಸಬೇಕು ಅನ್ನುವುದು ಅವರು ನಿಜವಾಗಿ ನಂಬಿದ್ದ ಮಾತು. ಆದರೆ ಮಾಮೂಲಿ ದಿನಗಳಲ್ಲಿ ಇಂಥ ಮಸೂದೆ ತಂದಿದ್ದರೆ ಅವರದೇ ಪಕ್ಷ ಬಿಡುತ್ತಿರಲಿಲ್ಲ. ಯುದ್ಧ ಅದನ್ನು ಒಂದು ರಾತ್ರಿಯಲ್ಲಿ ಮಾಡಿಕೊಟ್ಟಿತು. ಚೀನಾ ಸೇನೆ ಹಿಂದೆ ಸರಿಯುತ್ತಿದ್ದ ತಿಂಗಳಲ್ಲಿ ಭಾರತ ರಕ್ಷಣಾ ನಿಯಮ ಊರೂರಿನ ಅಕ್ಕಸಾಲಿಗರ ಅಂಗಡಿಗೆ ಬಂತು.

14 ಕ್ಯಾರೆಟ್ ಅಂದರೆ 24ರಲ್ಲಿ 14 ಪಾಲು ಚಿನ್ನ, ಉಳಿದ 10 ಪಾಲು ತಾಮ್ರ, ಬೆಳ್ಳಿ. ಅದು ಗಡುಸು. ನಮ್ಮ ಆಚಾರ್ರ ಕೈ ಪಳಗಿದ್ದು 22ರಲ್ಲಿ. ಊದುಗೊಳವೆಯ ಉಸಿರು, ಬೆಸುಗೆಯ ಹದ, ತಂತಿ ಎಳೆಯುವ ಕೈ, ಎಲ್ಲವೂ ಮೆತ್ತನೆ ಚಿನ್ನಕ್ಕೆ ಒಗ್ಗಿದ್ದವು. ಇನ್ನು ಹೆಂಗಸರು 14 ಕ್ಯಾರೆಟ್ಟನ್ನು ಕಣ್ಣೆತ್ತಿ ನೋಡಲಿಲ್ಲ. "ಹಿತ್ತಾಳೆ ಹಾಕ್ಕೊಂಡ್ರೆ ಆಗಲ್ವಾ" ಅಂದಳಂತೆ ಅಜ್ಜಿ. ದೇಶದ ತುಂಬ ಲಕ್ಷಾಂತರ ಕುಲುಮೆಗಳು ತಣ್ಣಗಾದವು. ಅಕ್ಕಸಾಲಿಗರು ಮೆರವಣಿಗೆ ಮಾಡಿದರು, ಉಪವಾಸ ಕೂತರು. ಎಷ್ಟೋ ಜನ ಪ್ರಾಣ ಕಳೆದುಕೊಂಡರು. ಸಾಲ ಕೊಡುತ್ತೇವೆ, ಮಕ್ಕಳ ಓದಿಗೆ ನೆರವು ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ಐವತ್ತು ವರ್ಷದ ಮನುಷ್ಯನಿಗೆ ಬೇರೆ ಕಸುಬು ಕಲಿ ಅಂದರೆ ಅವನೇನು ಕಲಿತಾನು? ನಮ್ಮ ಬೀದಿಯ ಆಚಾರ್ರು ಕೊಡೆ ರಿಪೇರಿ ಶುರು ಮಾಡಿದರು. ಅರಸೀಕೆರೆಯಲ್ಲಿ! ಅಲ್ಲಿ ಬೀಳುವ ಮಳೆಗೆ ಎಷ್ಟು ಕೊಡೆ ಮುರಿಯುತ್ತವೆ ಹೇಳಿ.

ಆ ವರ್ಷ ಜನ ಬೇರೆ ರೀತಿಯಲ್ಲೂ ಸಿಟ್ಟು ತೋರಿಸಿದರು. ಬಜೆಟ್ಟಿನಲ್ಲಿ ಸೀಮೆಎಣ್ಣೆಗೆ ತೆರಿಗೆ ಬಿತ್ತು. ಕಡ್ಡಾಯ ಠೇವಣಿ ಅಂತ ಒಂದು ಯೋಜನೆ ಬಂತು. ಉಪಚುನಾವಣೆಗಳಲ್ಲಿ ವಿರೋಧ ಪಕ್ಷದ ಕೃಪಲಾನಿ, ಲೋಹಿಯಾ, ಮಸಾನಿ ಮೂವರೂ ಗೆದ್ದು ಲೋಕಸಭೆಗೆ ಬಂದರು. ಆಗಸ್ಟ್‌ನಲ್ಲಿ ನೆಹರೂ ಮೇಲೆ ಮೊದಲ ಅವಿಶ್ವಾಸ ನಿರ್ಣಯ ಮಂಡಿಸಿದವರು ಅದೇ ಕೃಪಲಾನಿ. ನಿರ್ಣಯ ಬಿದ್ದುಹೋಯಿತು, ಪರವಾಗಿ 62, ವಿರುದ್ಧ 347. ಬಡವನ ದಿನದ ಸಂಪಾದನೆ ಮೂರಾಣೆ ಅಂತ ಲೋಹಿಯಾ ಗುಡುಗಿದ್ದು ಅದೇ ತಿಂಗಳು. ಹಿರಿಯ ಮಂತ್ರಿಗಳು ಕುರ್ಚಿ ಬಿಟ್ಟು ಪಕ್ಷದ ಕೆಲಸ ಮಾಡಲಿ ಅನ್ನುವ ಕಾಮರಾಜ್ ಯೋಜನೆಯ ನೆಪದಲ್ಲಿ ಮೊರಾರ್ಜಿ ಮಂತ್ರಿಗಿರಿ ಬಿಟ್ಟರು. ಸೆಪ್ಟೆಂಬರ್‌ನಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ಗಿರಾಕಿಯ ಹಳೇ ಒಡವೆಯನ್ನು ಅದೇ ಶುದ್ಧತೆಯಲ್ಲಿ ಮಾಡಿಕೊಡಬಹುದು ಅಂದರು.

ನಮ್ಮ ದೊಡ್ಡಮ್ಮನ ಮದುವೆ ಇದ್ದಿದ್ದು ಮೇ ತಿಂಗಳಲ್ಲಿ.

ಕಂಬಳಿ ಹೊದಿಸಿದ ಕಿಟಕಿ

ಮದುವೆಗೆ ಒಂದು ಜೊತೆ ಓಲೆ, ಅಳಿಯನಿಗೆ ಒಂದು ಉಂಗುರ ಬೇಕು. ಮನೆಯಲ್ಲಿ ಇದ್ದಿದ್ದು ಉಳಿದ ಆ ಒಂದು ಬಳೆ. ತಾತ ಸರ್ಕಾರಿ ಮೇಷ್ಟ್ರು, ಕಾನೂನು ಮೀರುವುದು ಬೇಡ ಅಂದರು. 14ರಲ್ಲೇ ಮಾಡಿಸು ಅಂದರು. ಅಜ್ಜಿ ಮಾತಾಡಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ ಅಮ್ಮನನ್ನು ಎಬ್ಬಿಸಿಕೊಂಡು ಹಿತ್ತಲ ಬಾಗಿಲಿಂದ ಹೊರಟಳು. ತಾತ ಮಲಗಿದ್ದರು. ಅಥವಾ ಮಲಗಿದ ಹಾಗೆ ಇದ್ದರು.

ಆಚಾರ್ರ ಮನೆಯ ಕಿಟಕಿಗೆ ಕಂಬಳಿ ಹೊದಿಸಿತ್ತು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿತ್ತು. ಒಳಗಿನ ಬೆಳಕು ಬೀದಿಗೆ ಕಾಣಬಾರದು. ಅಮ್ಮನಿಗೆ ಅದು ಆಟದ ಹಾಗೆ ಅನ್ನಿಸಿತು. ಚೀನಾ ವಿಮಾನ ಬಂದರೆ ದೀಪ ಆರಿಸಬೇಕು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ. "ವಿಮಾನ ಬರತ್ತಾ ಆಚಾರ್ರೇ?" ಅಂತ ಕೇಳಿದಳಂತೆ. ಅವರು ನಗಲಿಲ್ಲ. "ವಿಮಾನ ಅಲ್ಲ ಮಗಾ, ಇನ್ಸ್‌ಪೆಕ್ಟ್ರು" ಅಂದರು. ಅರಸೀಕೆರೆಗೆ ಆ ಯುದ್ಧದಲ್ಲಿ ಬಂದಿದ್ದು ಅದೊಂದೇ ಕತ್ತಲೆ. (ಕಂದು ಕಾಗದದ ನೆನಪು ಅಮ್ಮನಿಗೆ 62ರ ಜೊತೆ ಅಂಟಿಕೊಂಡಿರುವುದು ಇದರಿಂದಲೋ ಏನೋ. ಮೇಲೆ ಅವಳನ್ನು ಸುಮ್ನೆ ತಿದ್ದಿದೆ.)

ಅಜ್ಜಿ ಬಲಗೈ ಬಳೆ ತೆಗೆದಳು. ಸಲೀಸಾಗಿ ಬಂತು. ಅವತ್ತು ಸೋಪು ಬೇಕಾಗಲಿಲ್ಲ. ಆಚಾರ್ರು ಬಳೆ ನೋಡಿದರು, ಅಜ್ಜಿಯ ಕೈ ನೋಡಿದರು, ಏನೂ ಹೇಳಲಿಲ್ಲ.

"ಹೆಂಗೂ ಕೆಲಸ ಇಲ್ಲ ನಿಮಗೆ. ಕೂಲಿ ಎಷ್ಟು ಅಂತ ಹೇಳಿಬಿಡಿ ಆಚಾರ್ರೇ" ಅಂದಳು ಅಜ್ಜಿ.

"ನೀವು ಕೊಟ್ಟಷ್ಟು ತಾಯಿ."

ಎರಡು ರಾತ್ರಿ ಕೆಲಸ ನಡೆಯಿತು. ಎರಡನೇ ರಾತ್ರಿಯೂ ಅಜ್ಜಿ ಅಮ್ಮನನ್ನು ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂತಳು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುವ ಗಾದೆ ಅಜ್ಜಿಯ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. ಕಣ್ಣು ಮಿಟುಕಿಸದೆ ನೋಡುತ್ತಿದ್ದಳಂತೆ. ಮೂಸೆಯಲ್ಲಿ ಬಳೆ ಕರಗಿ ಒಂದು ಹನಿಯಾಗಿದ್ದು ಅಮ್ಮನಿಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆಚಾರ್ರ ಕೆನ್ನೆ ಊದಿಕೊಂಡು ಇಳಿಯುತ್ತಿದ್ದಿದ್ದು, ಊದುಗೊಳವೆಯ ಸಣ್ಣ ಸಿಳ್ಳು, ಒಳಗಡೆ ಅವರ ಹೆಂಡತಿ ಕೆಮ್ಮುತ್ತಿದ್ದಿದ್ದು. ಕಿಟಕಿ ಮುಚ್ಚಿದ್ದರಿಂದ ಹೊಗೆ ಹೊರಗೆ ಹೋಗಲು ದಾರಿ ಇರಲಿಲ್ಲ.

ಓಲೆ ಮುಗಿಯಿತು, ಉಂಗುರ ಮುಗಿಯಿತು. ತೂಗಿದರು. ಆಮೇಲೆ ಆಚಾರ್ರು ಮೊಣಕಾಲ ಮೇಲಿನ ಚರ್ಮದ ಹಾಸನ್ನು ಮೆಲ್ಲಗೆ ಮಡಿಸಿ, ಅರ ಉಜ್ಜಿದಾಗ ಬಿದ್ದಿದ್ದ ಚಿನ್ನದ ಪುಡಿಯನ್ನು ಒಂದು ಕಾಗದಕ್ಕೆ ಕೊಡವಿದರು. ಆ ಪುಡಿ ಯಾವಾಗಲೂ ಅಕ್ಕಸಾಲಿಗೇ. ಅದನ್ನು ಯಾರೂ ಕೇಳುವುದಿಲ್ಲ, ಅವರೂ ಕೊಡುವುದಿಲ್ಲ. ಅವತ್ತು ಅವರು ಪೊಟ್ಟಣ ಕಟ್ಟಿ ಅಜ್ಜಿಯ ಮುಂದಿಟ್ಟರು. "ಇದೂ ನಿಮ್ಮದೇ ತಾಯಿ, ತಗೊಳ್ಳಿ" ಅಂದರು. ಬಹುಶಃ ಅಜ್ಜಿ ಹಾಗೆ ನೋಡುತ್ತಾ ಕೂತಿದ್ದಕ್ಕೆ ನೊಂದಿದ್ದರು. ಅಥವಾ ಮನೆಯಲ್ಲಿ ಚಿನ್ನದ ಪುಡಿ ಸಿಕ್ಕರೆ ಕಷ್ಟ ಅನ್ನುವ ಭಯವಿರಬಹುದು. ಅಮ್ಮನಿಗೆ ಎರಡೂ ಇರಬಹುದು ಅನ್ನಿಸುತ್ತದೆ.

ದೊಡ್ಡಮ್ಮ ಆ ಓಲೆಯನ್ನು ಈಗಲೂ ಹಾಕಿಕೊಳ್ಳುತ್ತಾಳೆ. "ಅಜ್ಜಿ ದೇಶಕ್ಕೆ ಬಳೆ ಕೊಟ್ಟಳು" ಅನ್ನುವ ಕತೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವಳೂ ಅವಳೇ.

ಅಮ್ಮ ಇಷ್ಟು ಹೇಳಿ ಎದ್ದಳು. ಒಲೆ ಮೇಲೆ ಹಾಲಿತ್ತು. ನಾನು ಅಡುಗೆಮನೆ ತನಕ ಹಿಂದೆ ಹೋದೆ.

"ಅಜ್ಜಿ ಆ ಪೊಟ್ಟಣ ಏನು ಮಾಡಿದಳು?"

ಅಮ್ಮ ಒಲೆ ಸಣ್ಣಗೆ ಮಾಡಿದಳು.

"ತಗೊಂಡಳು."